ಡಿವಿಆರ್‌ನಿಂದ ತೆಗೆದ ಡಾಟ್ ಡಿಎವಿ ಫೈಲನ್ನು ಎಲ್ಲ ಕಂಪ್ಯೂಟರ್‌ಗಳಲ್ಲೂ ತೆರೆಯುವಂತೆ ಪರಿವರ್ತಿಸುವುದು ಹೇಗೆ?

ಪ್ರಶ್ನೆ: ಚಾಲಿ ಅಂಗಳ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಾವು ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರರು. ಒಣಗಿಸಿ, ಸುಲಿದು, ಚೀಲ ಕಟ್ಟಿಟ್ಟಿದ್ದ ಚಾಲಿ ಅಡಿಕೆಯಲ್ಲಿ ಕೆಲವು ಚೀಲಗಳು ಕಳೆದ ವಾರ ನಡುರಾತ್ರಿ ಕಳೆದ ಮೇಲೆ ಕಳುವಾಗಿವೆ. ಮನೆಗೆ ನಾಲ್ಕು ಸಿಸಿಟಿವಿ ಕ್ಯಾಮೆರಾಗಳಿದ್ದು, ಅಂಗಳದ ಕಡೆಯ ಹಳೆಯ ಕ್ಯಾಮೆರಾದಲ್ಲೂ ದಣಪೆಯ (ಬೇಲಿಯ ಬಾಗಿಲಿನ) ಬಳಿ ಈಚೆಗೆ ಹಾಕಿಸಿದ ಹೊಸ ಕ್ಯಾಮೆರಾದಲ್ಲೂ ಚೀಲ ಹೊತ್ತುಕೊಂಡು ಹೋಗುವವರ ದೃಶ್ಯ ಸೆರೆಯಾಗಿದೆ. ಕ್ಯಾಮೆರಾಗಳ ದೃಶ್ಯವನ್ನು ದಾಖಲಿಸುವ ಡಿವಿಆರ್ ಪೆಟ್ಟಿಗೆಗೆ ಜೋಡಿಸಿದ ಟಿವಿಯಲ್ಲಿ ನೋಡಿದರೆ ಒಬ್ಬನ ಮುಖವನ್ನು ಗುರುತು ಹಿಡಿಯುವಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಿದೆ. ದೃಶ್ಯವನ್ನು ಪೆನ್‌ಡ್ರೈವ್‌ನಲ್ಲಿ ತಂದುಕೊಡಿ ಎಂದು ಹೇಳಿದ್ದರಿಂದ ಡಿವಿಆರ್‌ನ ಬ್ಯಾಕಪ್ ಮೆನುವಿನ ಮೂಲಕ ಆ ರಾತ್ರಿಯ ರೆಕಾರ್ಡಿಂಗನ್ನು ಇಳಿಸಿಕೊಂಡೆವು. ಗಂಟೆಗೊಂದರಂತೆ ಫೈಲುಗಳಾಗಿವೆ, ಎಲ್ಲದರ ಹೆಸರಿನ ಕೊನೆಯಲ್ಲೂ ಡಾಟ್ ಡಿಎವಿ ಎಂದಿದೆ. ಠಾಣೆಯ ಕಂಪ್ಯೂಟರ್‌ನಲ್ಲಾಗಲಿ ನಮ್ಮ ಮನೆಯ ಕಂಪ್ಯೂಟರ್‌ನಲ್ಲಾಗಲಿ ಅವು ತೆರೆಯಲಿಲ್ಲ. ಹೆಸರಿನ ಕೊನೆಯ ಭಾಗವನ್ನು ಎಂಪಿ4 ಎಂದು ಬದಲಿಸಿದ ಪ್ರತಿಯೂ ತೆರೆಯಲಿಲ್ಲ. ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಅಣ್ಣನ ಮಗ ವಿಎಲ್‌ಸಿ ಪ್ಲೇಯರ್‌ನ ಆಯ್ಕೆಗಳಲ್ಲಿ ಡೀಮಕ್ಸರ್ (ಫೈಲನ್ನು ಬಿಡಿಸಿ ಓದುವ ಭಾಗ) ಎಂಬುದನ್ನು ಎಚ್.264 ಎಂದು ಬದಲಿಸಿದಾಗ ಅಂಗಳದ ಕ್ಯಾಮೆರಾದ ಚಿತ್ರವೇನೋ ಬಂತು, ಆದರೆ ಜನರು ಓಡುತ್ತಿರುವಂತೆ ಅತಿವೇಗದಲ್ಲಿ ಚಲಿಸುತ್ತಾರೆ, ಧ್ವನಿಯೂ ಇಲ್ಲ. ಗೋಡೆಯ ಗಡಿಯಾರ ಮೂರು ಸೆಕೆಂಡು ನಡೆಯುವಷ್ಟರಲ್ಲಿ ಚಿತ್ರದ ಮೂಲೆಯಲ್ಲಿರುವ ಸಮಯ ಐದು ಸೆಕೆಂಡು ಮುಂದೆ ಹೋಗಿರುತ್ತದೆ. ದಣಪೆಯ ಕ್ಯಾಮೆರಾದ ಫೈಲಿನಲ್ಲಿ ಅದೇ ವಿಧಾನದಿಂದ ಏನೂ ಕಾಣಿಸಲಿಲ್ಲ.

ಕ್ಯಾಮೆರಾ ಅಳವಡಿಸಿಕೊಟ್ಟವರು ಈಗ ಊರಲ್ಲಿಲ್ಲ, ಫೋನಿಗೂ ಸಿಗುತ್ತಿಲ್ಲ. ಚಿತ್ರದ ಸ್ಪಷ್ಟತೆ ಕಡಿಮೆಯಾಗದಂತೆ ಇವನ್ನು ಸಾಮಾನ್ಯ ವಿಡಿಯೊ ಆಗಿ ಪರಿವರ್ತಿಸುವುದು ಹೇಗೆ, ವೇಗದ ದೋಷ ಏಕೆ ಬರುತ್ತಿದೆ, ಹೀಗೆ ಪರಿವರ್ತಿಸಿದರೆ ಮುಂದೆ ನ್ಯಾಯಾಲಯದಲ್ಲಿ ‘ತಿದ್ದಿದ್ದಾರೆ’ ಎಂಬ ಆಕ್ಷೇಪಕ್ಕೆ ಎಡೆಯಾಗುವುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ: ಕ್ಯಾಮೆರಾ ಕೆಲಸ (ಶಿವಮೊಗ್ಗ)

ನಮಸ್ಕಾರ ಸರ್. ಪರಿವರ್ತನೆಯ ವಿಚಾರ ಆಮೇಲೆ ಇರಲಿ, ಮೊದಲು ಡಿವಿಆರ್‌ನಲ್ಲಿರುವ ಮೂಲ ರೆಕಾರ್ಡಿಂಗ್ ಅಳಿಯದಂತೆ ನೋಡಿಕೊಳ್ಳಿ. ಹಾರ್ಡ್ ಡಿಸ್ಕ್ ತುಂಬಿದ ಕೂಡಲೇ ಡಿವಿಆರ್ ಅತ್ಯಂತ ಹಳೆಯ ದಿನದ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಒಂದೊಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಾಖಲಿಸುತ್ತದೆ ಎಂದಿಟ್ಟುಕೊಂಡರೆ ನಾಲ್ಕು ಕ್ಯಾಮೆರಾಗಳಿಂದ ಸೆಕೆಂಡಿಗೆ 8 ಮೆಗಾಬಿಟ್, ಅಂದರೆ 1 ಮೆಗಾಬೈಟ್ ಆಯಿತು. ದಿನಕ್ಕೆ ಸುಮಾರು 86 ಗಿಗಾಬೈಟ್ ಬೇಕು. 1 ಟೆರಾಬೈಟ್‌ನ ಡಿಸ್ಕ್ ಇದ್ದರೆ ಹನ್ನೊಂದು ದಿನಗಳಾಗುವಷ್ಟರಲ್ಲಿ ತುಂಬಿ ಹೋಗುತ್ತದೆ. ಕಳ್ಳತನ ನಡೆದು ಆಗಲೇ ಒಂದು ವಾರ ಕಳೆದಿರುವುದರಿಂದ ತಮಗೆ ಹೆಚ್ಚು ಕಾಲಾವಕಾಶವಿಲ್ಲ. ಕೃತ್ಯ ನಡೆದ ಗಂಟೆಯನ್ನು ಮಾತ್ರವಲ್ಲದೆ ಅದರ ಹಿಂದಿನ ಮತ್ತು ಮುಂದಿನ ಕೆಲವು ಗಂಟೆಗಳನ್ನೂ ನಾಲ್ಕೂ ಕ್ಯಾಮೆರಾಗಳಿಂದ ಇಂದೇ ಇಳಿಸಿಕೊಳ್ಳಿ. ಹಗಲಿನಲ್ಲಿ ಯಾರಾದರೂ ಜಾಗ ನೋಡಿಕೊಂಡು ಹೋಗಿದ್ದರೆ ಅದೂ ಅದರಲ್ಲಿ ಸಿಕ್ಕೀತು.

ಡಾಟ್ ಡಿಎವಿ ಎಂಬುದು ಡಾಹುವಾ ಕಂಪನಿಯ ಡಿವಿಆರ್‌ಗಳ ಫೈಲ್ ಮಾದರಿ. ಅದೇ ಯಂತ್ರಭಾಗಗಳನ್ನು ಒಳಗಿಟ್ಟುಕೊಂಡು ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುವ ಡಿವಿಆರ್‌ಗಳೂ ಇದೇ ಮಾದರಿಯಲ್ಲಿ ಬ್ಯಾಕಪ್ ಕೊಡುತ್ತವೆ. ಹಾಗಾಗಿ ಪೆಟ್ಟಿಗೆಯ ಮೇಲೆ ಯಾವ ಹೆಸರಿದ್ದರೂ ಡಾಹುವಾದವರು ತಮ್ಮ ಜಾಲತಾಣದಲ್ಲಿ ಉಚಿತವಾಗಿ ಕೊಡುವ ಸ್ಮಾರ್ಟ್ ಪ್ಲೇಯರ್ ಎಂಬ ತಂತ್ರಾಂಶದಲ್ಲಿ ತಮ್ಮ ಫೈಲ್ ಸಾಮಾನ್ಯವಾಗಿ ತೆರೆಯುತ್ತದೆ. ಅದರಲ್ಲಿಯೇ ಎವಿಐ ಅಥವಾ ಎಂಪಿ4 ಆಗಿ ಉಳಿಸುವ ಆಯ್ಕೆಯೂ ಇದೆ. ಪೆನ್‌ಡ್ರೈವ್‌ನಲ್ಲಿ ಡಿಎವಿ ಫೈಲುಗಳ ಜೊತೆಗೆ ಬೇರೆ ಯಾವುದಾದರೂ ಚಿಕ್ಕ ಫೈಲ್ ಬಂದಿದೆಯೇ ಎಂದು ಸಹ ನೋಡಿ, ಏಕೆಂದರೆ ಅನೇಕ ಡಿವಿಆರ್‌ಗಳು ತಮ್ಮ ಪ್ಲೇಯರನ್ನೂ ಬ್ಯಾಕಪ್‌ನ ಜೊತೆಗೇ ಹಾಕಿಕೊಡುತ್ತವೆ. ಬ್ಯಾಕಪ್ ಮೆನುವಿನಲ್ಲಿ ಫೈಲ್ ಮಾದರಿ ಎಂಬ ಆಯ್ಕೆ ಇದ್ದು ಅಲ್ಲಿ ಎಂಪಿ4 ಕಾಣಿಸಿದರೆ ಡಿಎವಿಯಲ್ಲಿ ಒಂದು ಪ್ರತಿ, ಎಂಪಿ4ನಲ್ಲಿ ಒಂದು ಪ್ರತಿ, ಎರಡನ್ನೂ ತೆಗೆದುಕೊಳ್ಳಿ.

ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಅದರಲ್ಲಿ 4 ಗಿಗಾಬೈಟ್‌ಗಿಂತ ದೊಡ್ಡ ಒಂದೇ ಫೈಲ್ ಹಿಡಿಸುವುದಿಲ್ಲ. ಡಿವಿಆರ್ ತಾನಾಗಿಯೇ ತುಂಡು ಮಾಡಿಕೊಡುವುದಕ್ಕೆ ಇದೂ ಒಂದು ಕಾರಣ. ಮುಖ್ಯವಾದ ಇನ್ನೊಂದು ಮಾತು: ಯಾರಾದರೂ ಡಿವಿಆರ್‌ನ ಹಾರ್ಡ್ ಡಿಸ್ಕನ್ನು ಬಿಚ್ಚಿ ಕಂಪ್ಯೂಟರ್‌ಗೆ ಹಾಕಿ ನೋಡೋಣ ಎಂದರೆ ಒಪ್ಪಬೇಡಿ. ಆ ಡಿಸ್ಕ್‌ನ ಒಳಗಿನ ವ್ಯವಸ್ಥೆ ವಿಂಡೋಸ್‌ಗೆ ಅರ್ಥವಾಗುವಂಥದ್ದಲ್ಲ. ಜೋಡಿಸಿದ ಕೂಡಲೇ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ’ ಎಂದು ಅದು ಕೇಳುತ್ತದೆ, ಅಲ್ಲಿ ‘ಹೌದು’ ಎಂದು ಒತ್ತಿದರೆ ಎಲ್ಲವೂ ಕೈಬಿಟ್ಟು ಹೋಗುತ್ತದೆ.

ಉತ್ತರ: ನಿರಂತರ

ಮೇಲಿನವರು ಹೇಳಿದ ಪ್ಲೇಯರ್ ಸಿಕ್ಕರೆ ಅದನ್ನೇ ಮೊದಲು ಬಳಸಿ. ಅದು ಸರಿಹೋಗದಿದ್ದರೆ, ಅಥವಾ ಕೆಲಸವನ್ನು ಇನ್ನಷ್ಟು ಖಚಿತವಾಗಿ ಮಾಡಬೇಕೆಂದಿದ್ದರೆ, ಫೈಲಿನ ಒಳಗೆ ಏನಿದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ವಿಡಿಯೊ ಫೈಲಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳಿರುತ್ತವೆ. ಮೊದಲನೆಯದು ಕ್ಯಾಮೆರಾ ಕಂಡ ಚಿತ್ರವನ್ನು ಒತ್ತಿ ಚಿಕ್ಕದಾಗಿಸಿದ ದತ್ತಾಂಶ. ಇದು 2003ರಲ್ಲಿ ಬಂದ ಎಚ್.264 ಮಾನದಂಡದಲ್ಲಿಯೋ 2013ರಲ್ಲಿ ಬಂದ ಎಚ್.265 ಮಾನದಂಡದಲ್ಲಿಯೋ ಇರುತ್ತದೆ, ಮತ್ತು ಇವೆರಡೂ ಜಗತ್ತಿನಾದ್ಯಂತ ಬಳಕೆಯಲ್ಲಿರುವಂಥವು. ಎರಡನೆಯದು ಆ ದತ್ತಾಂಶವನ್ನು ಧ್ವನಿ, ಸಮಯ ಮುಂತಾದವುಗಳ ಜೊತೆ ಸೇರಿಸಿ ಕಟ್ಟಿಡುವ ಹೊರಕಟ್ಟು. ಎಂಪಿ4, ಎವಿಐ, ಎಂಕೆವಿ, ಡಿಎವಿ ಎಲ್ಲವೂ ಹೊರಕಟ್ಟಿನ ಹೆಸರುಗಳು. ಸಾಮಾನ್ಯ ಪ್ಲೇಯರ್‌ಗೆ ಡಿಎವಿಯ ಒಳಗಿನ ಚಿತ್ರ ಅಪರಿಚಿತವೇನಲ್ಲ, ಅಪರಿಚಿತವಾಗಿರುವುದು ಹೊರಕಟ್ಟು ಮಾತ್ರ. ಆದ್ದರಿಂದ ತಮಗೆ ಬೇಕಾಗಿರುವುದು ಚಿತ್ರವನ್ನು ಮುಟ್ಟದೆ ಹೊರಕಟ್ಟನ್ನಷ್ಟೇ ಬದಲಿಸುವ ಕೆಲಸ. ತಾವು ಅಡಿಕೆಯವರಾದ್ದರಿಂದ ಹೀಗೆ ಹೇಳಬಹುದು: ಒಂದು ಚೀಲದಲ್ಲಿರುವ ಅಡಿಕೆಯನ್ನು ಇನ್ನೊಂದು ಚೀಲಕ್ಕೆ ಸುರಿದರೆ ಅಡಿಕೆಯ ದರ್ಜೆ ಬದಲಾಗುವುದಿಲ್ಲ. ಅಂತರ್ಜಾಲದಲ್ಲಿ ಸಿಗುವ ಬಹುತೇಕ ‘ಕನ್ವರ್ಟರ್’ಗಳು, ಹ್ಯಾಂಡ್‌ಬ್ರೇಕ್‌ನಂತಹ ಒಳ್ಳೆಯ ತಂತ್ರಾಂಶವೂ ಸೇರಿದಂತೆ, ಚಿತ್ರವನ್ನು ಪೂರ್ತಿಯಾಗಿ ಬಿಡಿಸಿ ಮತ್ತೆ ಹೊಸದಾಗಿ ಒತ್ತುತ್ತವೆ. ಹಾಗೆ ಮಾಡಿದಾಗಲೆಲ್ಲ ಸ್ವಲ್ಪ ವಿವರ ನಷ್ಟವಾಗುತ್ತದೆ. ರಾತ್ರಿಯ ಇನ್‌ಫ್ರಾರೆಡ್ ಬೆಳಕಿನಲ್ಲಿ ತೆಗೆದ, ಮೊದಲೇ ಕಾಳುಕಾಳಾಗಿರುವ ಚಿತ್ರದಲ್ಲಿ ಆ ನಷ್ಟ ಮೊದಲು ತಟ್ಟುವುದು ಮುಖದ ವಿವರಗಳಿಗೆ ಮತ್ತು ವಾಹನದ ನಂಬರ್ ಪ್ಲೇಟಿಗೆ.

ಫೈಲ್ ನಿಜವಾಗಿ ಯಾವ ಮಾದರಿಯದು ಎಂಬುದನ್ನು ಹೆಸರಿನ ಕೊನೆಯ ಭಾಗದಿಂದ ನಿರ್ಧರಿಸಲಾಗದು. ಒಂದು ಪ್ರತಿಯನ್ನು ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಬೈಟುಗಳನ್ನು ಇದ್ದಂತೆಯೇ ತೋರಿಸುವ ತಂತ್ರಾಂಶದಲ್ಲಿ) ತೆರೆದು ಆರಂಭದ ಭಾಗವನ್ನು ನೋಡಿ. ಡಾಹುವಾ ಮಾದರಿಯಾಗಿದ್ದರೆ ಡಿ, ಎಚ್, ಎ, ವಿ ಎಂಬ ನಾಲ್ಕು ದೊಡ್ಡಕ್ಷರಗಳು ಕಾಣುತ್ತವೆ. ಹಿಕ್‌ವಿಷನ್ ಡಿವಿಆರ್‌ಗಳಿಂದ ಬರುವ ಫೈಲಿಗೆ ಎಂಪಿ4 ಎಂದು ಹೆಸರಿದ್ದರೂ ಎಷ್ಟೋ ಸಲ ಅದರ ಆರಂಭದಲ್ಲಿ ಐ, ಎಂ, ಕೆ, ಎಚ್ ಎಂದಿರುತ್ತದೆ, ಅಂದರೆ ಅದು ನಿಜವಾದ ಎಂಪಿ4 ಅಲ್ಲ.

ಈ ಕೆಲಸಕ್ಕೆ ನಾನು ಸದಾ ಬಳಸುವುದು ಎಫ್‌ಎಫ್‌ಎಂಪೆಗ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು. ಫಾಬ್ರಿಸ್ ಬೆಲ್ಲಾರ್ 2000ದಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ 2019ರ 4.2ನೇ ಆವೃತ್ತಿಯಿಂದ ಡಾಹುವಾ ಹೊರಕಟ್ಟನ್ನು ಓದುವ ಸಾಮರ್ಥ್ಯ ಸೇರಿದೆ. ಆದ್ದರಿಂದ ಹಳೆಯ ಆವೃತ್ತಿ ಬೇಡ, ಹೊಸದನ್ನೇ ಇಳಿಸಿಕೊಳ್ಳಿ. ಎಫ್‌ಎಫ್‌ಎಂಪೆಗ್ ಫೈಲನ್ನೂ ವಿಡಿಯೊದ ಪ್ರತಿಯನ್ನೂ ಒಂದೇ ಫೋಲ್ಡರ್‌ನಲ್ಲಿರಿಸಿ. ಆ ಫೋಲ್ಡರ್ ತೆರೆದಾಗ ಮೇಲ್ಭಾಗದಲ್ಲಿ ಕಾಣುವ ವಿಳಾಸದ ಜಾಗದಲ್ಲಿ ಸಿ, ಎಂ, ಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಒತ್ತಿ ಎಂಟರ್ ಮಾಡಿದರೆ ಕಪ್ಪು ಕಿಟಕಿಯೊಂದು ತೆರೆಯುತ್ತದೆ. ಅಲ್ಲಿ ಆಜ್ಞೆಯನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಪ್ರತಿ ಭಾಗದ ನಡುವೆ ಒಂದು ಖಾಲಿ ಜಾಗ ಬಿಟ್ಟು, ಈ ಕ್ರಮದಲ್ಲಿ ಬರೆಯಬೇಕು: ಮೊದಲು ಎಫ್‌ಎಫ್‌ಎಂಪೆಗ್ ಎಂಬ ಹೆಸರು, ನಂತರ ಅಡ್ಡಗೆರೆಗೆ ಅಂಟಿದ ಐ ಅಕ್ಷರ, ನಂತರ ಮೂಲ ಫೈಲಿನ ಪೂರ್ಣ ಹೆಸರು, ನಂತರ ಅಡ್ಡಗೆರೆಗೆ ಅಂಟಿದ ಸಿ ಅಕ್ಷರ, ನಂತರ ಕಾಪಿ ಎಂಬ ಪದ, ಕೊನೆಯಲ್ಲಿ ಹೊಸ ಫೈಲಿಗೆ ಕೊಡಬೇಕಾದ ಹೆಸರು. ಹೊಸ ಹೆಸರು ಡಾಟ್ ಎಂಕೆವಿ ಎಂದು ಮುಗಿಯಲಿ. ಎಂಪಿ4 ಏಕೆ ಬೇಡ ಎಂದರೆ, ಸಿಸಿಟಿವಿಯ ಧ್ವನಿ ಸಾಮಾನ್ಯವಾಗಿ ಜಿ.711 ಎಂಬ ದೂರವಾಣಿ ಕಾಲದ ಮಾನದಂಡದಲ್ಲಿರುತ್ತದೆ, ಅದನ್ನು ಹಾಗೆಯೇ ಎಂಪಿ4ಗೆ ಹಾಕಲು ಹೋದರೆ ಎಫ್‌ಎಫ್‌ಎಂಪೆಗ್ ದೋಷ ತೋರಿಸಿ ನಿಲ್ಲುತ್ತದೆ. ಎಂಕೆವಿ ಅದನ್ನು ತಕರಾರಿಲ್ಲದೆ ಸ್ವೀಕರಿಸುತ್ತದೆ. ಎಂಪಿ4 ಆಗಿಯೇ ಬೇಕೆಂದಾದರೆ ಚಿತ್ರಕ್ಕೆ ಕಾಪಿ ಎಂದೂ ಧ್ವನಿಗೆ ಮಾತ್ರ ಎಎಸಿ (ಎಂಪಿ4 ಒಪ್ಪುವ ಧ್ವನಿಯ ಮಾನದಂಡ) ಎಂದೂ ಬೇರೆ ಬೇರೆಯಾಗಿ ಹೇಳಬೇಕು: ಒಂದು ಸಿ ಅಕ್ಷರದ ಬದಲು ಸಿ, ಅದಕ್ಕಂಟಿದಂತೆ ಕೋಲನ್ ಚಿಹ್ನೆ, ಅದಕ್ಕಂಟಿದಂತೆ ವಿ ಎಂದು ಬರೆದು ಮುಂದೆ ಕಾಪಿ, ಹಾಗೆಯೇ ಸಿ, ಕೋಲನ್, ಎ ಎಂದು ಬರೆದು ಮುಂದೆ ಎಎಸಿ. ಎರಡರ ಮೊದಲೂ ಅಡ್ಡಗೆರೆ ಇರಬೇಕು.

ಈಗ ವೇಗದ ವಿಚಾರ. ತಾವು ಗಡಿಯಾರವನ್ನು ಹೋಲಿಸಿ ನೋಡಿರುವುದು ಬಹಳ ಉಪಯೋಗವಾಯಿತು. ವಿಎಲ್‌ಸಿಯ ಆಯ್ಕೆಯನ್ನು ಎಚ್.264 ಎಂದು ಬದಲಿಸಿದಾಗ ಅದು ಡಿಎವಿಯ ಹೊರಕಟ್ಟಿನಲ್ಲಿದ್ದ ಸಮಯದ ಮಾಹಿತಿಯನ್ನೂ ಧ್ವನಿಯನ್ನೂ ಬಿಟ್ಟು ಚಿತ್ರಗಳನ್ನಷ್ಟೇ ಹೆಕ್ಕಿಕೊಳ್ಳುತ್ತದೆ. ಒಂದು ಸೆಕೆಂಡಿಗೆ ಎಷ್ಟು ಚಿತ್ರ ತೋರಿಸಬೇಕೆಂಬ ಮಾಹಿತಿ ಇಲ್ಲದಿರುವುದರಿಂದ ಅದು 25 ಎಂದು ಊಹಿಸುತ್ತದೆ. ಮೂರು ಸೆಕೆಂಡಿನಲ್ಲಿ 75 ಚಿತ್ರಗಳನ್ನು ತೋರಿಸಿದಾಗ ಐದು ಸೆಕೆಂಡಿನ ಘಟನೆ ಕಳೆದುಹೋಗುತ್ತಿದೆ ಎಂದರೆ ತಮ್ಮ ಅಂಗಳದ ಕ್ಯಾಮೆರಾ ದಾಖಲಿಸುತ್ತಿರುವುದು ಸೆಕೆಂಡಿಗೆ 15 ಚಿತ್ರಗಳನ್ನು. ಹಾಗೆ ನೋಡಿದರೆ ಒಂದು ಗಂಟೆಯ ಫೈಲ್ 36 ನಿಮಿಷಗಳಲ್ಲಿ ಮುಗಿಯುತ್ತದೆ. ಹೊಸ ಎಫ್‌ಎಫ್‌ಎಂಪೆಗ್ ಡಿಎವಿಯ ಒಳಗಿನ ಸಮಯವನ್ನು ಓದಬಲ್ಲದಾದ್ದರಿಂದ ಮೇಲಿನ ಆಜ್ಞೆಯಿಂದಲೇ ವೇಗ ಸರಿಯಾಗಬೇಕು. ಸರಿಯಾಗದಿದ್ದರೆ ಚಿತ್ರವನ್ನು ಮಾತ್ರ ಡಾಟ್ ಎಚ್264 ಹೆಸರಿನ ಫೈಲಾಗಿ ಬೇರ್ಪಡಿಸಿ, ಎರಡನೇ ಹಂತದಲ್ಲಿ ಐ ಅಕ್ಷರದ ಮೊದಲು ಅಡ್ಡಗೆರೆಗೆ ಅಂಟಿದಂತೆ ಫ್ರೇಮ್‌ರೇಟ್ ಎಂಬ ಪದವನ್ನೂ ಮುಂದೆ 15 ಎಂಬ ಅಂಕಿಯನ್ನೂ ಸೇರಿಸಿ ಮತ್ತೆ ಎಂಕೆವಿ ಮಾಡಿಕೊಳ್ಳಿ. ಮುಗಿದ ಮೇಲೆ ಚಿತ್ರದ ಮೂಲೆಯ ಸಮಯವನ್ನು ಕೈಗಡಿಯಾರದ ಪಕ್ಕದಲ್ಲಿಟ್ಟು ಒಂದು ನಿಮಿಷ ಹೋಲಿಸಿ ನೋಡುವುದೇ ಅತ್ಯಂತ ನಂಬಿಕಸ್ಥ ಪರೀಕ್ಷೆ.

ದಣಪೆಯ ಕ್ಯಾಮೆರಾದ ಫೈಲ್ ಎಚ್.265ನಲ್ಲಿ ಇರಬೇಕೆಂದು ತೋರುತ್ತದೆ. ಒಂದೇ ಡಿವಿಆರ್‌ನಲ್ಲಿ ಕ್ಯಾಮೆರಾಗೊಂದರಂತೆ ಬೇರೆ ಬೇರೆ ಮಾನದಂಡ ಹೊಂದಿಸಿರುವುದು ಅಪರೂಪವೇನಲ್ಲ. ಎಚ್.264 ಎಂದು ಬಲವಂತವಾಗಿ ತೆರೆಸಿದಾಗ ಅದು ಕಾಣಿಸದಿದ್ದುದು ಸಹಜ.

ಉತ್ತರ: ಘಟ್ಟದ ಮೇಲೆ

ಇಷ್ಟೆಲ್ಲ ಏಕೆ ಬೇಕು ಎಂದು ನನಗನ್ನಿಸುತ್ತದೆ. ಡಿವಿಆರ್‌ಗೆ ಜೋಡಿಸಿದ ಟಿವಿಯಲ್ಲಿ ದೃಶ್ಯವನ್ನು ಹಾಕಿ, ಮೊಬೈಲ್‌ನಲ್ಲಿ ಅದನ್ನು ಚಿತ್ರೀಕರಿಸಿ ವಾಟ್ಸ್ಆಪ್‌ನಲ್ಲಿ ಕಳುಹಿಸಿದರೆ ಠಾಣೆಯವರು ತಕ್ಷಣ ನೋಡಬಹುದು. ನಮ್ಮ ಊರಿನಲ್ಲಿ ಬೈಕ್ ಕಳುವಾದಾಗ ಹೀಗೆಯೇ ಮಾಡಿದ್ದರು, ಬೈಕ್ ಎರಡೇ ದಿನಗಳಲ್ಲಿ ಸಿಕ್ಕಿತು.

ಉತ್ತರ: ಕರಿಕೋಟು (ಧಾರವಾಡ)

ಘಟ್ಟದ ಮೇಲೆ ಅವರ ಸಲಹೆ ತಕ್ಷಣದ ಹುಡುಕಾಟಕ್ಕೆ ಒಳ್ಳೆಯದೇ. ಗುರುತು ಹಿಡಿಯಲು, ಸುತ್ತಲಿನ ಠಾಣೆಗಳಿಗೆ ಸೂಚನೆ ಕೊಡಲು ಅಂತಹ ಮೊಬೈಲ್ ಚಿತ್ರಣ ಸಾಕು. ಆದರೆ ಆರೋಪಿ ಸಿಕ್ಕಿಬಿದ್ದು ವಿಚಾರಣೆ ನಡೆಯುವ ದಿನಕ್ಕೆ ಟಿವಿಯ ಪರದೆಯಿಂದ ತೆಗೆದ ಚಿತ್ರ ನಿಲ್ಲುವುದು ಕಷ್ಟ. ವಾಟ್ಸ್ಆಪ್‌ನಲ್ಲಿ ವಿಡಿಯೊ ಎಂದು ಕಳುಹಿಸಿದಾಗ ಅದು ಮತ್ತೆ ಒತ್ತಲ್ಪಟ್ಟು ವಿವರ ಕಳೆದುಕೊಳ್ಳುತ್ತದೆ. ಕಳುಹಿಸಲೇಬೇಕಾದರೆ ಡಾಕ್ಯುಮೆಂಟ್ ಎಂಬ ಆಯ್ಕೆಯ ಮೂಲಕ ಕಳುಹಿಸಿ, ಆಗ ಫೈಲ್ ಇದ್ದಂತೆಯೇ ತಲುಪುತ್ತದೆ. ಊರಿನ ಗುಂಪುಗಳಲ್ಲಿ ಮಾತ್ರ ದಯವಿಟ್ಟು ಹಂಚಬೇಡಿ. ಮುಖ ಸರಿಯಾಗಿ ಕಾಣದ ದೃಶ್ಯವೊಂದರಿಂದ ಯಾರದೋ ಮನೆಯ ಹುಡುಗನ ಮೇಲೆ ಅಪವಾದ ಬಂದರೆ ಅದನ್ನು ತೊಳೆಯಲು ಯಾವ ನ್ಯಾಯಾಲಯದಿಂದಲೂ ಆಗದು.

ಕಾನೂನಿನ ಸ್ಥಿತಿ ಹೀಗಿದೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 65ಬಿ ಎಂಬ ಕಲಮು ವಿದ್ಯುನ್ಮಾನ ದಾಖಲೆಗಳ ಬಗ್ಗೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಅದರ ಬದಲಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಯಲ್ಲಿದ್ದು, ಅದರ 63ನೇ ಕಲಮಿನಲ್ಲಿ ಈ ವಿಷಯವಿದೆ. ಪೆನ್‌ಡ್ರೈವ್‌ನಲ್ಲಿ ಪ್ರತಿ ಮಾಡಿಕೊಟ್ಟ ದೃಶ್ಯದ ಜೊತೆಗೆ ಪ್ರಮಾಣಪತ್ರವೊಂದನ್ನು ಸಲ್ಲಿಸಬೇಕಾಗುತ್ತದೆ. ಹಳೆಯ ಕಾಯ್ದೆಯ ಅಡಿಯಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ, ಮೂಲ ಸಾಧನವನ್ನೇ ಹಾಜರುಪಡಿಸಿದ ಸಂದರ್ಭವನ್ನು ಬಿಟ್ಟರೆ ಇಂತಹ ಪ್ರಮಾಣಪತ್ರ ಕಡ್ಡಾಯ ಎಂದು ಹೇಳಿತ್ತು. ಹೊಸ ಕಾಯ್ದೆಯ ಅನುಸೂಚಿಯಲ್ಲಿ ಪ್ರಮಾಣಪತ್ರದ ನಮೂನೆಯನ್ನೇ ಕೊಟ್ಟಿದ್ದಾರೆ. ಅದರ ಎ ಭಾಗವನ್ನು ದಾಖಲೆ ಒದಗಿಸುವವರು, ಅಂದರೆ ತಾವು, ತುಂಬಿ ಸಹಿ ಮಾಡಬೇಕು. ಬಿ ಭಾಗ ತಜ್ಞರದು. ಸಾಧನದ ಕಂಪನಿ, ಮಾದರಿ, ಬಣ್ಣ, ಕ್ರಮಸಂಖ್ಯೆ ಮುಂತಾದ ವಿವರಗಳನ್ನು ಅದು ಕೇಳುತ್ತದೆ. ಡಿವಿಆರ್‌ನ ಕೆಳಗೆ ಅಂಟಿಸಿರುವ ಚೀಟಿಯ ಫೋಟೊವನ್ನು ಈಗಲೇ ತೆಗೆದಿಟ್ಟುಕೊಳ್ಳಿ, ಯಾಕೆಂದರೆ ತನಿಖಾಧಿಕಾರಿಗಳು ಮಹಜರು ಮಾಡಿ ಡಿವಿಆರನ್ನೇ ವಶಕ್ಕೆ ಪಡೆಯಬಹುದು. ಹಾಗೆ ಪಡೆದರೆ ಕ್ರಮಸಂಖ್ಯೆ ನಮೂದಾದ ಸ್ವೀಕೃತಿಯನ್ನು ಕೇಳಿ ಪಡೆಯಿರಿ.

ಅದೇ ನಮೂನೆಯಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನು ಬರೆಯುವ ಜಾಗವಿದೆ. ಫೈಲಿನ ಒಳಗಿನ ಪ್ರತಿಯೊಂದು ಬೈಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕಂಪ್ಯೂಟರ್ ಹುಟ್ಟಿಸುವ ಅಕ್ಷರಸಾಲು ಅದು. ಎಸ್‌ಎಚ್‌ಎ256 ವಿಧಾನದಲ್ಲಿ ಅದು 64 ಅಕ್ಷರಗಳಷ್ಟು ಉದ್ದವಿರುತ್ತದೆ, ಮತ್ತು ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಆಜ್ಞೆಯಿಂದ ಇದನ್ನು ಪಡೆಯಬಹುದು. ಆದ್ದರಿಂದ ಡಿವಿಆರ್‌ನಿಂದ ನೇರವಾಗಿ ಬಂದ ಡಿಎವಿ ಫೈಲುಗಳನ್ನು ಒಂದು ಪೆನ್‌ಡ್ರೈವ್‌ನಲ್ಲಿ ಹಾಗೆಯೇ ಇರಿಸಿ, ಅವುಗಳ ಹ್ಯಾಶ್ ಬರೆದಿಟ್ಟುಕೊಳ್ಳಿ. ಹೊರಕಟ್ಟು ಬದಲಿಸಿದ ಪ್ರತಿಯಲ್ಲಿ ಚಿತ್ರ ಅದೇ ಆಗಿದ್ದರೂ ಹ್ಯಾಶ್ ಬೇರೆಯೇ ಆಗಿರುತ್ತದೆ. ಆ ಪ್ರತಿಯನ್ನು ‘ನೋಡುವ ಅನುಕೂಲಕ್ಕಾಗಿ ಮಾಡಿದ್ದು’ ಎಂದು ಪ್ರತ್ಯೇಕವಾಗಿ ಹೆಸರಿಸಿ, ಯಾವ ತಂತ್ರಾಂಶದಿಂದ, ಯಾವ ದಿನ, ಯಾವ ಮೂಲ ಫೈಲಿನಿಂದ ಮಾಡಿದಿರಿ ಎಂಬುದನ್ನು ಕಾಗದದಲ್ಲಿ ಬರೆದು ಜೊತೆಗಿಡಿ. ಮೂಲವನ್ನು ಮುಚ್ಚಿಟ್ಟು ಪರಿವರ್ತಿತ ಪ್ರತಿಯನ್ನು ಮಾತ್ರ ಕೊಟ್ಟಾಗ ‘ತಿದ್ದಿದ್ದಾರೆ’ ಎಂಬ ವಾದಕ್ಕೆ ಬಲ ಬರುತ್ತದೆ. ಎರಡನ್ನೂ ಕೊಟ್ಟು, ಒಂದರಿಂದ ಇನ್ನೊಂದು ಹೇಗೆ ಬಂತೆಂದು ಹೇಳಬಲ್ಲಿರಾದರೆ ಆ ವಾದಕ್ಕೆ ಹೆಚ್ಚಿನ ತೂಕವಿರುವುದಿಲ್ಲ.

ಚಾಲಿ ಅಂಗಳ (ಶಿರಸಿ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾಲ್ಕೂ ಕ್ಯಾಮೆರಾಗಳ ಆ ದಿನದ ಸಂಜೆಯಿಂದ ಮರುದಿನ ಬೆಳಗಿನವರೆಗಿನ ರೆಕಾರ್ಡಿಂಗನ್ನು ಹೊಸ ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಹ್ಯಾಶ್ ಬರೆದು, ಡಿವಿಆರ್‌ನ ಚೀಟಿಯ ಫೋಟೊವನ್ನೂ ತೆಗೆದಿದ್ದೇವೆ. ನಿರಂತರ ಅವರು ಹೇಳಿದ ಆಜ್ಞೆಯಿಂದ ಅಂಗಳದ ಕ್ಯಾಮೆರಾದ ಫೈಲ್ ಎಂಕೆವಿ ಆಯಿತು. ವೇಗ ಸರಿಯಾಗಿದೆ, ನಾಯಿ ಬೊಗಳುವುದು ಮತ್ತು ವಾಹನವೊಂದು ಸ್ಟಾರ್ಟ್ ಆಗುವುದು ಸ್ಪಷ್ಟವಾಗಿ ಕೇಳುತ್ತದೆ. ವಾಹನದ ಶಬ್ದವಿದೆ ಎಂಬುದು ಟಿವಿಯಲ್ಲಿ ನೋಡುವಾಗ ನಮಗೆ ತಿಳಿದಿರಲಿಲ್ಲ.

ದಣಪೆಯ ಕ್ಯಾಮೆರಾದ ಫೈಲೂ ಪರಿವರ್ತನೆಯಾಗಿ ನಮ್ಮ ವಿಎಲ್‌ಸಿಯಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಠಾಣೆಯ ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಇಲ್ಲ, ಬೇರೆ ತಂತ್ರಾಂಶ ಹಾಕಲು ಅವರಿಗೆ ಅನುಮತಿಯೂ ಇಲ್ಲವಂತೆ. ಅಲ್ಲಿ ಪರದೆ ಕಪ್ಪಾಗಿಯೇ ಉಳಿಯಿತು. ಇನ್ನೊಂದು ಪ್ರಶ್ನೆಯೆಂದರೆ, ಕಳ್ಳತನದ ದೃಶ್ಯ ಒಂದು ಗಂಟೆಯ ಫೈಲಿನ ಕೊನೆಯಲ್ಲಿ ಆರಂಭವಾಗಿ ಮುಂದಿನ ಗಂಟೆಯ ಫೈಲಿನಲ್ಲಿ ಮುಂದುವರಿಯುತ್ತದೆ. ಅದಷ್ಟನ್ನು ಒಂದೇ ತುಣುಕಾಗಿ ಮಾಡಿಕೊಡಲು ಸಾಧ್ಯವೇ?

ಉತ್ತರ: ಕ್ಯಾಮೆರಾ ಕೆಲಸ (ಶಿವಮೊಗ್ಗ)

ಒಂದು ಮುಖ್ಯ ಸಂಗತಿ ಉಳಿದುಹೋಗಿದೆ ಸರ್. ಡಿವಿಆರ್‌ನ ಗಡಿಯಾರ ಸರಿಯಾಗಿದೆಯೇ ಎಂಬುದನ್ನು ಅದು ತಮ್ಮ ಮನೆಯಲ್ಲಿರುವಾಗಲೇ ನೋಡಿಬಿಡಿ. ಇಂಟರ್‌ನೆಟ್ ಸಂಪರ್ಕವಿಲ್ಲದ ಡಿವಿಆರ್‌ಗಳ ಸಮಯ ನಿಧಾನವಾಗಿ ಹಿಂದೆ ಮುಂದೆ ಸರಿಯುತ್ತದೆ, ಮತ್ತು ಒಳಗಿನ ಚಿಕ್ಕ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋಗಿ ಬಂದ ಮೇಲೆ ದಿನಾಂಕವೇ ತಪ್ಪಾಗಿರುತ್ತದೆ. ಡಿವಿಆರ್‌ನ ಸಮಯ ಕಾಣುವ ಟಿವಿಯನ್ನೂ ಮೊಬೈಲ್‌ನ ಗಡಿಯಾರವನ್ನೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆದಿಡಿ. ವ್ಯತ್ಯಾಸವಿದ್ದರೆ ಈಗ ಸರಿಪಡಿಸಲು ಹೋಗಬೇಡಿ, ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಮಾತ್ರ ತನಿಖಾಧಿಕಾರಿಗಳಿಗೆ ಬರಹದಲ್ಲಿ ತಿಳಿಸಿ. ಮೊಬೈಲ್ ಟವರ್‌ಗಳ ದಾಖಲೆಯೊಂದಿಗೆ ಹೋಲಿಸುವಾಗ ನಿಮಿಷಗಳ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.

ಉತ್ತರ: ನಿರಂತರ

ವಾಹನದ ಶಬ್ದ ಸಿಕ್ಕಿದ್ದು ಕೇಳಿ ಬಹಳ ಸಂತೋಷವಾಯಿತು. ಜಿ.711 ಧ್ವನಿಯನ್ನು ಕೈಬಿಡದೆ ಉಳಿಸಿಕೊಳ್ಳಬೇಕು ಎಂದು ನಾನು ಒತ್ತಿ ಹೇಳುವುದು ಇಂತಹ ಕಾರಣಕ್ಕಾಗಿಯೇ.

ಕಪ್ಪು ಪರದೆಯ ಕಾರಣ ಎಚ್.265. ವಿಂಡೋಸ್‌ನ ಸ್ವಂತ ಪ್ಲೇಯರ್‌ಗೆ ಇದನ್ನು ಓದಲು ಮೈಕ್ರೋಸಾಫ್ಟ್ ಅಂಗಡಿಯಿಂದ ಎಚ್‌ಇವಿಸಿ (ಎಚ್.265ರ ಇನ್ನೊಂದು ಹೆಸರು) ಎಂಬ ಪ್ರತ್ಯೇಕ ಘಟಕವನ್ನು ಸೇರಿಸಿಕೊಳ್ಳಬೇಕಾಗುತ್ತದೆ, ವಿಎಲ್‌ಸಿಗೆ ಆ ತೊಡಕಿಲ್ಲ. ಠಾಣೆಯಲ್ಲಿ ಯಾವ ತಂತ್ರಾಂಶವನ್ನೂ ಹಾಕುವಂತಿಲ್ಲ ಎಂದಾದರೆ ಈ ಒಂದು ಫೈಲನ್ನು ಮಾತ್ರ ಎಚ್.264ಗೆ ಹೊಸದಾಗಿ ಒತ್ತುವುದು ಅನಿವಾರ್ಯ. ಚಿತ್ರದ ಭಾಗಕ್ಕೆ ಕಾಪಿ ಎನ್ನುವ ಜಾಗದಲ್ಲಿ ಲಿಬ್‌ಎಕ್ಸ್264 ಎಂದು ಬರೆದು, ಅಡ್ಡಗೆರೆಗೆ ಅಂಟಿದಂತೆ ಸಿಆರ್‌ಎಫ್ ಎಂಬ ಮೂರು ಅಕ್ಷರಗಳನ್ನೂ ಮುಂದೆ 18 ಎಂಬ ಅಂಕಿಯನ್ನೂ ಸೇರಿಸಿ. ಈ ಅಂಕಿ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚುತ್ತದೆ, ಫೈಲೂ ದೊಡ್ಡದಾಗುತ್ತದೆ. ಯಾವ ಅಂಕಿಯನ್ನೂ ಹೇಳದಿದ್ದರೆ ತಂತ್ರಾಂಶ ತಾನಾಗಿ 23 ಎಂದು ತೆಗೆದುಕೊಳ್ಳುತ್ತದೆ, ಅದು ರಾತ್ರಿಯ ದೃಶ್ಯಕ್ಕೆ ನನಗೆ ಸಾಲದೆನ್ನಿಸುತ್ತದೆ. ಧ್ವನಿಯನ್ನು ಎಎಸಿ ಮಾಡಿ, ಫೈಲನ್ನು ಎಂಪಿ4 ಆಗಿ ಉಳಿಸಿ. ಈ ಕೆಲಸಕ್ಕೆ ಹೊರಕಟ್ಟು ಬದಲಿಸುವುದಕ್ಕಿಂತ ಬಹಳ ಹೆಚ್ಚು ಸಮಯ ಹಿಡಿಯುತ್ತದೆ, ಕಂಪ್ಯೂಟರ್ ಹಳೆಯದಾಗಿದ್ದರೆ ತಾಳ್ಮೆ ಬೇಕು. ಇದು ಚಿತ್ರವನ್ನು ಮತ್ತೆ ಒತ್ತಿದ ಪ್ರತಿ ಎಂಬುದನ್ನು ಕರಿಕೋಟು ಅವರು ಹೇಳಿದ ಕಾಗದದಲ್ಲಿ ತಪ್ಪದೆ ಬರೆಯಿರಿ. ಮುಖವನ್ನು ಗುರುತಿಸಲು ಚಿತ್ರವನ್ನು ಹಿಗ್ಗಿಸಿ ನೋಡಬೇಕಾದಾಗ ಇದನ್ನು ಬಳಸದೆ ಮೂಲ ಡಿಎವಿಯನ್ನೇ ಬಳಸುವಂತೆ ಹೇಳಿ.

ಎರಡು ಗಂಟೆಗಳ ಫೈಲುಗಳನ್ನು ಸೇರಿಸಲು, ಎರಡನ್ನೂ ಮೊದಲು ಒಂದೇ ವಿಧಾನದಿಂದ ಎಂಕೆವಿ ಮಾಡಿಕೊಂಡು, ಲಾಸ್‌ಲೆಸ್‌ಕಟ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಜೋಡಿಸುವುದು ತಮಗೆ ಸುಲಭ. ಅದರ ಒಳಗೆ ಕೆಲಸ ಮಾಡುವುದೂ ಎಫ್‌ಎಫ್‌ಎಂಪೆಗ್ಗೇ, ಆದರೆ ಆಜ್ಞೆಗಳನ್ನು ಬರೆಯಬೇಕಾಗಿಲ್ಲ. ಬೇಕಾದ ಭಾಗವನ್ನು ಕತ್ತರಿಸುವಾಗ ಒಂದು ವಿಷಯ ಗಮನದಲ್ಲಿರಲಿ. ಒತ್ತಿದ ವಿಡಿಯೊದಲ್ಲಿ ಪ್ರತಿ ಚಿತ್ರವೂ ಪೂರ್ಣ ಚಿತ್ರವಾಗಿರುವುದಿಲ್ಲ. ಆಗಾಗ ಒಂದು ಪೂರ್ಣ ಚಿತ್ರವಿದ್ದು, ನಡುವಿನವು ಅದಕ್ಕೂ ತಮಗೂ ಇರುವ ವ್ಯತ್ಯಾಸವನ್ನಷ್ಟೇ ದಾಖಲಿಸಿರುತ್ತವೆ. ಚಿತ್ರವನ್ನು ಮತ್ತೆ ಒತ್ತದೆ ಕತ್ತರಿಸುವಾಗ ತುಣುಕು ಪೂರ್ಣ ಚಿತ್ರದಿಂದಲೇ ಆರಂಭವಾಗಬೇಕು, ಮಧ್ಯದಲ್ಲಿ ಕತ್ತರಿಸಿದರೆ ಮೊದಲ ಕ್ಷಣಗಳು ಬೂದು ಚೌಕಗಳಾಗಿ ಒಡೆದು ಕಾಣುತ್ತವೆ. ಸಿಸಿಟಿವಿಯಲ್ಲಿ, ಅದರಲ್ಲೂ ಡಿಸ್ಕ್ ಜಾಗ ಉಳಿಸುವ ಸ್ಮಾರ್ಟ್ ಆಯ್ಕೆ ಚಾಲೂ ಇದ್ದಾಗ, ಈ ಪೂರ್ಣ ಚಿತ್ರಗಳ ನಡುವಿನ ಅಂತರ ಹಲವು ಸೆಕೆಂಡುಗಳಷ್ಟಿರಬಹುದು. ಹಾಗಾಗಿ ದಣಪೆ ತೆರೆಯುವ ಕ್ಷಣಕ್ಕಿಂತ ಅರ್ಧ ನಿಮಿಷ ಮೊದಲೇ ತುಣುಕು ಶುರುವಾಗಲಿ, ಕೊನೆಯಲ್ಲೂ ವಾಹನದ ಶಬ್ದ ಪೂರ್ತಿ ಅಡಗುವವರೆಗೆ ಬಿಡಿ. ಎರಡು ಗಂಟೆಗಳ ಫೈಲುಗಳು ಸೇರುವ ಜಾಗದಲ್ಲಿ ಮೂಲೆಯ ಸಮಯ ಎಷ್ಟು ಸೆಕೆಂಡು ಜಿಗಿಯುತ್ತದೆ ಎಂಬುದನ್ನು ನೋಡಿ ಬರೆದುಕೊಳ್ಳಿ. ಒಂದು ಫೈಲ್ ಮುಗಿಸಿ ಇನ್ನೊಂದನ್ನು ಆರಂಭಿಸುವಾಗ ಕೆಲವು ಡಿವಿಆರ್‌ಗಳಲ್ಲಿ ಒಂದೆರಡು ಸೆಕೆಂಡು ಬಿಟ್ಟುಹೋಗುತ್ತದೆ. ಆ ಅಂತರ ಮೂಲದಲ್ಲಿಯೇ ಇದೆ ಎಂಬುದಕ್ಕೆ ಎರಡೂ ಡಿಎವಿ ಫೈಲುಗಳ ಹೆಸರಿನಲ್ಲಿರುವ ಆರಂಭ ಮತ್ತು ಅಂತ್ಯದ ಸಮಯವನ್ನು ತೋರಿಸಬಹುದು, ಆದ್ದರಿಂದ ಆ ಹೆಸರುಗಳನ್ನು ಬದಲಿಸಬೇಡಿ.